ಹಡಗಿನ ಹೊಗೆ ತೊಳೆದ ನೀರು

ಕಚ್ಚಾ ತೈಲವನ್ನು ಸಂಸ್ಕರಣಾಗಾರದಲ್ಲಿ ಕಾಯಿಸಿ ಬಟ್ಟಿ ಇಳಿಸುವಾಗ ಅಡುಗೆ ಅನಿಲ, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಒಂದರ ಹಿಂದೊಂದು ಬೇರೆಯಾಗುತ್ತವೆ. ತಳದಲ್ಲಿ ಉಳಿಯುವುದು ಕಪ್ಪಗಿನ, ಅಂಟಂಟಾದ ಗಸಿ. ರಸ್ತೆಗೆ ಹಾಕುವ ಡಾಂಬರು ಇದರ ಒಡಹುಟ್ಟು. ಈ ಗಸಿಗೆ ಒಂದಿಷ್ಟು ತೆಳುವಾದ ಎಣ್ಣೆ ಬೆರೆಸಿದರೆ ದೊಡ್ಡ ಹಡಗುಗಳ ಇಂಧನ ಸಿದ್ಧವಾಗುತ್ತದೆ. ಬಂದರಿನವರು ಇದನ್ನು ಬಂಕರ್ ಎಣ್ಣೆ ಎನ್ನುತ್ತಾರೆ, ಕಾರ್ಖಾನೆಯವರು ಫರ್ನೇಸ್ ಆಯಿಲ್ ಎನ್ನುತ್ತಾರೆ. ತಣ್ಣಗಿದ್ದರೆ ಇದು ಕೊಳವೆಯಲ್ಲಿ ಸರಾಗವಾಗಿ ಹರಿಯುವುದೂ ಇಲ್ಲ. ಟ್ಯಾಂಕಿನಲ್ಲಿ ಹಬೆ ಹಾಯಿಸಿ ಬೆಚ್ಚಗೆ ಇಟ್ಟಿರಬೇಕು, ಎಂಜಿನ್ನಿನೊಳಗೆ ಸಿಂಪಡಿಸುವ ಮುನ್ನ ನೂರು ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಯಿಸಬೇಕು. ಇಷ್ಟೆಲ್ಲ ತಾಪತ್ರಯವಿದ್ದರೂ ಹಡಗಿನವರು ಇದನ್ನೇ ಕೊಳ್ಳುತ್ತ ಬಂದದ್ದಕ್ಕೆ ಕಾರಣ ಒಂದೇ. ಇದಕ್ಕಿಂತ ಅಗ್ಗದ ಎಣ್ಣೆ ಇನ್ನೊಂದಿಲ್ಲ.

ಕಚ್ಚಾ ತೈಲದ ಗಂಧಕ ಹೆಚ್ಚಾಗಿ ಬಂದು ಸೇರುವುದೂ ಈ ಗಸಿಯಲ್ಲೇ. 2011ರವರೆಗೆ ಹಡಗಿನ ಇಂಧನದಲ್ಲಿ ತೂಕದ ಲೆಕ್ಕದಲ್ಲಿ ಶೇ 4.5ರಷ್ಟು, 2012ರಿಂದ ಶೇ 3.5ರಷ್ಟು ಗಂಧಕ ಇರಬಹುದೆಂದು ಅಂತರರಾಷ್ಟ್ರೀಯ ನಿಯಮ ಒಪ್ಪಿತ್ತು. ಭಾರತದ ಪೆಟ್ರೋಲ್ ಬಂಕುಗಳಲ್ಲಿ 2020ರ ಏಪ್ರಿಲ್‌ನಿಂದ ಸಿಗುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 10 ಭಾಗ, ಅಂದರೆ ಶೇ 0.001. ಅದರ 3,500 ಪಟ್ಟು ಗಂಧಕವಿದ್ದ ಎಣ್ಣೆಯನ್ನು ಹಡಗುಗಳು ಕಾನೂನುಬದ್ಧವಾಗಿಯೇ ಉರಿಸುತ್ತಿದ್ದವು. ಒಂದು ಟನ್ ಎಣ್ಣೆಯಲ್ಲಿ 35 ಕಿಲೋ ಗಂಧಕವಿದ್ದರೆ, ಅದು ಉರಿದು ಆಮ್ಲಜನಕದೊಂದಿಗೆ ಕೂಡಿ 70 ಕಿಲೋ ಗಂಧಕದ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಡುತ್ತದೆ. ದಿನಕ್ಕೆ 100 ಟನ್ ಎಣ್ಣೆ ಕುಡಿಯುವ ಹಡಗಾದರೆ ಇದೇ ಲೆಕ್ಕ ದಿನಕ್ಕೆ ಏಳು ಟನ್ ಆಗುತ್ತದೆ. ದೊಡ್ಡ ಕಂಟೇನರ್ ಹಡಗುಗಳು ಪೂರ್ಣ ವೇಗದಲ್ಲಿ ಸಾಗುವಾಗ ಅದಕ್ಕಿಂತಲೂ ಹೆಚ್ಚು ಎಣ್ಣೆ ಕುಡಿಯುತ್ತವೆ. ಜಗತ್ತಿನ ಸರಕು ವ್ಯಾಪಾರದಲ್ಲಿ ತೂಕದ ಲೆಕ್ಕದಲ್ಲಿ ಶೇ 80ಕ್ಕೂ ಹೆಚ್ಚು ಸಾಗುವುದು ಹಡಗಿನಲ್ಲೇ. ಅವೆಲ್ಲ ಸೇರಿ ವರ್ಷಕ್ಕೆ ಉರಿಸುವ ಇಂಧನ 30 ಕೋಟಿ ಟನ್ನಿನ ಆಸುಪಾಸಿನಲ್ಲಿದೆ.

ಕಡಲ ನಡುವೆ ಬಿಟ್ಟ ಹೊಗೆ ಕಡಲಿನಲ್ಲೇ ಉಳಿಯುವುದಿಲ್ಲ. ಹಡಗುದಾರಿಗಳಲ್ಲಿ ಬಹಳಷ್ಟು ಕರಾವಳಿಗೆ ಸಮೀಪದಲ್ಲೇ ಹಾದುಹೋಗುತ್ತವೆ. ಗಂಧಕದ ಡೈಆಕ್ಸೈಡ್ ಗಾಳಿಯಲ್ಲಿ ನೂರಾರು ಕಿಲೋಮೀಟರ್ ತೇಲುತ್ತ, ದಾರಿಯಲ್ಲೇ ಸಲ್ಫೇಟಿನ ಅತಿಸೂಕ್ಷ್ಮ ಕಣಗಳಾಗಿ ಮಾರ್ಪಡುತ್ತದೆ. ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮಿಖಾಯಿಲ್ ಸೋಫಿಯೆವ್ ಮತ್ತು ಸಂಗಡಿಗರು 2018ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಹಡಗಿನ ಇಂಧನ ಹಳೆಯ ಮಟ್ಟದಲ್ಲೇ ಮುಂದುವರಿದರೆ ಅದರ ಮಾಲಿನ್ಯದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಅಕಾಲಿಕ ಸಾವು ಸಂಭವಿಸುತ್ತವೆ, 1.4 ಕೋಟಿ ಮಕ್ಕಳು ಉಬ್ಬಸದಿಂದ ಬಳಲುತ್ತಾರೆ. ಗಂಧಕ ತಗ್ಗಿಸಿದ ಇಂಧನ ಬಂದರೆ ಸಾವು ಎರಡೂವರೆ ಲಕ್ಷಕ್ಕೆ, ಉಬ್ಬಸ 64 ಲಕ್ಷಕ್ಕೆ ಇಳಿಯುತ್ತದೆ ಎಂದೂ ಅವರು ಲೆಕ್ಕ ಹಾಕಿದರು. ಈ ಹೊಗೆಗೆ ಮೈಯೊಡ್ಡಿದವರಲ್ಲಿ ಹೆಚ್ಚಿನವರು ಏಷ್ಯಾ, ಆಫ್ರಿಕಾಗಳ ಜನನಿಬಿಡ ಕರಾವಳಿಯವರು. ಹಡಗನ್ನು ದೂರದ ದಿಗಂತದಲ್ಲಿ ಮಾತ್ರ ಕಂಡವರೇ ಇವರಲ್ಲಿ ಬಹುಪಾಲು.

ಇಷ್ಟಿದ್ದರೂ ಕಟ್ಟುನಿಟ್ಟಿನ ನಿಯಮ ಮೊದಲು ಬಂದದ್ದು ಉತ್ತರ ಯುರೋಪಿನಲ್ಲಿ, ಅದೂ ಕೆರೆಗಳ ಸಲುವಾಗಿ. ಸ್ವೀಡನ್, ನಾರ್ವೆಗಳ ಕೆರೆಗಳಲ್ಲಿ ಮೀನು ಸಾಯುತ್ತಿದ್ದುದಕ್ಕೆ ಹೊರದೇಶಗಳಿಂದ ತೇಲಿಬಂದ ಗಂಧಕದ ಹೊಗೆಯೇ ಕಾರಣವೆಂದು ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂತೆ ಒಡೇನ್ 1960ರ ದಶಕದ ಕೊನೆಯಲ್ಲಿ ಎತ್ತಿ ತೋರಿಸಿದ್ದರು. ಆಮ್ಲಮಳೆ ಎಂಬ ಮಾತು ಜನರ ಬಾಯಿಗೆ ಬಂದದ್ದು ಆಮೇಲೆ. ವಿದ್ಯುತ್ ಸ್ಥಾವರಗಳ ಹೊಗೆಗೆ ಕಡಿವಾಣ ಬಿತ್ತು, ಹಡಗುಗಳ ಸರದಿ ಬರಲು ಇನ್ನೂ ದಶಕಗಳೇ ಹಿಡಿದವು. ಲಂಡನ್ನಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ, ಅಂದರೆ ಐಎಂಒ, ಹಡಗುಗಳ ಮಾಲಿನ್ಯ ತಡೆಯುವ ‘ಮಾರ್ಪೋಲ್’ ಒಪ್ಪಂದಕ್ಕೆ ವಾಯುಮಾಲಿನ್ಯದ ಆರನೇ ಅನುಬಂಧವನ್ನು ಸೇರಿಸಿದ್ದು 1997ರಲ್ಲಿ. ಅದು ಜಾರಿಗೆ ಬಂದದ್ದು 2005ರಲ್ಲಿ. ಬಾಲ್ಟಿಕ್ ಸಮುದ್ರ, ಉತ್ತರ ಸಮುದ್ರ, ಆಮೇಲೆ ಉತ್ತರ ಅಮೆರಿಕದ ಕರಾವಳಿ, ಹೀಗೆ ಕೆಲವು ಕಡಲುಗಳನ್ನು ವಿಶೇಷ ನಿಯಂತ್ರಣ ವಲಯಗಳೆಂದು ಗುರುತಿಸಲಾಯಿತು. ಅಲ್ಲಿ 2015ರ ಜನವರಿಯಿಂದ ಗಂಧಕದ ಮಿತಿ ಶೇ 0.1. ಉಳಿದ ಕಡಲುಗಳಿಗೆಲ್ಲ 2020ರ ಜನವರಿ 1ರಿಂದ ಶೇ 0.5. 2025ರ ಮೇ ತಿಂಗಳಿಂದ ಮೆಡಿಟರೇನಿಯನ್ ಸಮುದ್ರವೂ ಶೇ 0.1ರ ವಲಯಕ್ಕೆ ಸೇರಿತು. ಜಾಗತಿಕ ಮಿತಿಯನ್ನು 2025ಕ್ಕೆ ಮುಂದೂಡುವ ಮಾತೂ ಒಮ್ಮೆ ನಡೆದಿತ್ತು. ಹಾಗೆ ಮಾಡಿದರೆ ಆ ಐದು ವರ್ಷಗಳಲ್ಲಿ 5.7 ಲಕ್ಷಕ್ಕೂ ಹೆಚ್ಚು ಅಕಾಲಿಕ ಸಾವು ಹೆಚ್ಚುವರಿಯಾಗಿ ಸಂಭವಿಸುತ್ತವೆ ಎಂಬ ಅಧ್ಯಯನ 2016ರಲ್ಲಿ ಐಎಂಒ ಎದುರಿಗೆ ಬಂತು. ಮುಂದೂಡುವುದು ಬೇಡವೆಂದು ಅದೇ ವರ್ಷ ತೀರ್ಮಾನವಾಯಿತು.

ನಿಯಮ ಪಾಲಿಸಲು ನೇರ ದಾರಿ ಗಂಧಕ ಕಡಿಮೆಯಿರುವ ಎಣ್ಣೆ ಕೊಳ್ಳುವುದು. ಆದರೆ ಆರನೇ ಅನುಬಂಧದ ನಾಲ್ಕನೇ ನಿಯಮ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ. ಅಷ್ಟೇ ಫಲ ಕೊಡುವ ಬೇರೆ ಉಪಾಯವಿದ್ದರೆ ಅದನ್ನೂ ಒಪ್ಪಬಹುದು. ಹಳೆಯ ಎಣ್ಣೆಯನ್ನೇ ಉರಿಸಿ ಚಿಮಣಿಯೊಳಗೆ ಹೊಗೆಯನ್ನು ತೊಳೆದು ಬಿಡುವ ಯಂತ್ರ ಒಳಬಂದದ್ದು ಈ ಬಾಗಿಲಿನಿಂದ. ಅದರ ಹೆಸರು ಸ್ಕ್ರಬ್ಬರ್.

ಹೊಗೆ ತೊಳೆಯುವ ವಿದ್ಯೆ ಹೊಸತೇನಲ್ಲ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 1930ರ ದಶಕದಲ್ಲಿ ಬ್ಯಾಟರ್‌ಸೀ ವಿದ್ಯುತ್ ಸ್ಥಾವರ ಎದ್ದಾಗ, ಕಲ್ಲಿದ್ದಲಿನ ಹೊಗೆ ಊರಿನ ಹಳೆಯ ಕಟ್ಟಡಗಳನ್ನೂ ಕಲಾಕೃತಿಗಳನ್ನೂ ತಿಂದುಹಾಕೀತೆಂದು ದೊಡ್ಡ ಗದ್ದಲವಾಯಿತು. ಅದಕ್ಕಾಗಿ ಥೇಮ್ಸ್ ನೀರಿಗೆ ಸೀಮೆಸುಣ್ಣ ಬೆರೆಸಿ ಹೊಗೆಗೆ ಸಿಂಪಡಿಸುವ ಏರ್ಪಾಡು ಮಾಡಿದರು. ಗಂಧಕ ಬಹುಮಟ್ಟಿಗೆ ಹೊಗೆಯಿಂದ ಬಿಟ್ಟಿತು. ಆ ನೀರು ಮತ್ತೆ ಥೇಮ್ಸ್ ನದಿಗೇ ಹೋಯಿತು. ತೊಳೆಸಿಕೊಂಡು ತಣ್ಣಗಾದ ಹೊಗೆಗೆ ಮೇಲೇರುವ ಕಸುವಿಲ್ಲದೆ ಸುತ್ತಲಿನ ಬೀದಿಗಳ ಮೇಲೆ ಇಳಿಯುವ ತೊಂದರೆಯೂ ಇತ್ತು. ಗಾಳಿಯ ಹೊಲಸನ್ನು ನೀರಿಗೆ ವರ್ಗಾಯಿಸಿದ ಈ ಏರ್ಪಾಡಿನ ಗುಣದೋಷ ಎರಡೂ ಮುಂದೆ ಹಡಗಿನ ಸ್ಕ್ರಬ್ಬರಿಗೆ ಬಳುವಳಿಯಾಗಿ ಬಂದವು. ಭಾರತದಲ್ಲಿಯೂ ಮುಂಬೈನ ಟ್ರಾಂಬೆ ಉಷ್ಣವಿದ್ಯುತ್ ಸ್ಥಾವರ 1980ರ ದಶಕದಷ್ಟು ಹಿಂದೆಯೇ ಕಡಲ ನೀರಿನಿಂದ ಹೊಗೆ ತೊಳೆಯುವ ಘಟಕ ಹಾಕಿಕೊಂಡಿತ್ತು.

ಕಡಲ ನೀರಿಗೇ ಈ ಕೆಲಸ ಒಗ್ಗುವುದು ಅದರ ಸಹಜ ಕ್ಷಾರಗುಣದಿಂದ. ಅದರ ಪಿಎಚ್ ಸುಮಾರು 8.1. ಅದರಲ್ಲಿ ಕರಗಿರುವ ಬೈಕಾರ್ಬೊನೇಟ್, ಬಂದ ಆಮ್ಲವನ್ನು ತಟಸ್ಥಗೊಳಿಸಬಲ್ಲದು. ಹಡಗಿನ ಚಿಮಣಿಯ ಬುಡದಲ್ಲಿ ಹಲವು ಅಂತಸ್ತು ಎತ್ತರದ ಉಕ್ಕಿನ ಗೋಪುರವೊಂದನ್ನು ನಿಲ್ಲಿಸುತ್ತಾರೆ. ಎಂಜಿನ್ನಿನಿಂದ ಮುನ್ನೂರು ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಬರುವ ಹೊಗೆ ಕೆಳಗಿನಿಂದ ಏರುತ್ತದೆ, ಮೇಲಿನ ಸಾಲುಸಾಲು ತೂತುಗಳಿಂದ ಕಡಲ ನೀರು ಜಡಿಮಳೆಯಂತೆ ಸುರಿಯುತ್ತದೆ. ಗಂಧಕದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಸಲ್ಫ್ಯೂರಸ್ ಆಮ್ಲವಾಗುತ್ತದೆ, ಬೈಕಾರ್ಬೊನೇಟ್ ಅದನ್ನು ತಣಿಸುತ್ತದೆ, ಆಮ್ಲಜನಕ ಸೇರಿ ಕೊನೆಗೆ ಸಲ್ಫೇಟ್ ಉಳಿಯುತ್ತದೆ. ಗೋಪುರದ ತುದಿಯಲ್ಲಿ ಹನಿ ಹಿಡಿಯುವ ಜಾಲರಿಯೊಂದಿದೆ. ಅದನ್ನು ದಾಟಿ ಹೊರಬರುವ ಹೊಗೆಯಲ್ಲಿ ಗಂಧಕದ ಡೈಆಕ್ಸೈಡಿನ ಶೇ 95ಕ್ಕಿಂತ ಹೆಚ್ಚು ಭಾಗ ಕಳೆದಿರುತ್ತದೆ. ಮಸಿಯ ಕಣಗಳಲ್ಲಿ ಒಂದು ಪಾಲು ಮಾತ್ರ ಸಿಕ್ಕಿಬೀಳುತ್ತದೆ. ಸಾರಜನಕದ ಆಕ್ಸೈಡುಗಳ ಗೊಡವೆಗೆ ಈ ಯಂತ್ರ ಬಹುಮಟ್ಟಿಗೆ ಹೋಗುವುದೇ ಇಲ್ಲ.

ಹೀಗೆ ಕಡಲಿನಿಂದ ನೀರೆತ್ತಿ, ಹೊಗೆ ತೊಳೆದು, ಮತ್ತೆ ಕಡಲಿಗೇ ಬಿಡುವುದು ತೆರೆದ ಪದ್ಧತಿ. ಇದಕ್ಕೆ ಬೇಕಾಗುವ ನೀರಿನ ಪ್ರಮಾಣ ದೊಡ್ಡದು. ಎಂಜಿನ್ನಿನ ಪ್ರತಿ ಮೆಗಾವಾಟ್-ಗಂಟೆಗೆ ಸುಮಾರು 45 ಟನ್ ಎಂಬುದು ಐಎಂಒ ಮಾರ್ಗಸೂಚಿಯೇ ಆಧಾರವಾಗಿ ಇಟ್ಟುಕೊಂಡ ಅಂಕಿ. 20 ಮೆಗಾವಾಟ್ ಎಂಜಿನ್ ಓಡುತ್ತಿರುವ ಹಡಗು ಗಂಟೆಗೆ 900 ಟನ್ ಆಮ್ಲದ ನೀರನ್ನು ಹೊರಹಾಕುತ್ತ ಸಾಗುತ್ತದೆ. ಇನ್ನೊಂದು ಮುಚ್ಚಿದ ಪದ್ಧತಿ. ಇದರಲ್ಲಿ ಅದೇ ನೀರು ಸುತ್ತುತ್ತಿರುತ್ತದೆ. ಆಮ್ಲ ತಣಿಸಲು ಕಾಸ್ಟಿಕ್ ಸೋಡಾ ಅಥವಾ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಬೆರೆಸುತ್ತಾರೆ, ಸ್ವಲ್ಪಸ್ವಲ್ಪ ನೀರನ್ನು ಮಾತ್ರ ಹೊರತೆಗೆದು ಶುದ್ಧಿಮಾಡಿ ಬಿಡುತ್ತಾರೆ. ಆಗ ಉಳಿಯುವ ಕೆಸರನ್ನು ಕಡಲಿಗೆ ಚೆಲ್ಲುವಂತಿಲ್ಲ, ಹಡಗಿನಲ್ಲೇ ಸುಡುವಂತೆಯೂ ಇಲ್ಲ. ಬಂದರಿನಲ್ಲಿ ಇಳಿಸಲೇಬೇಕು. ಎರಡೂ ಪದ್ಧತಿಗೆ ಬದಲಿಸಿಕೊಳ್ಳಬಲ್ಲ ಮಿಶ್ರ ಸ್ಕ್ರಬ್ಬರುಗಳೂ ಇವೆ. ಆದರೆ ಜಗತ್ತಿನಲ್ಲಿ ಅಳವಡಿಸಿರುವ ಸ್ಕ್ರಬ್ಬರುಗಳಲ್ಲಿ ಬಹುಪಾಲು ತೆರೆದ ಪದ್ಧತಿಯವು. ಅದಕ್ಕೆ ಕಾಸ್ಟಿಕ್ ಸೋಡಾದ ಖರ್ಚಿಲ್ಲ, ಕೆಸರು ಇಳಿಸುವ ರಗಳೆಯಿಲ್ಲ.

ಯಂತ್ರ ನಡೆಸುವುದೂ ಸುಲಭವಲ್ಲ. ತೊಳೆದ ನೀರಿನ ಪಿಎಚ್ ಗೋಪುರದ ಬುಡದಲ್ಲಿ ಮೂರರ ಮಟ್ಟಕ್ಕೆ ಇಳಿಯುತ್ತದೆ. ನಿಂಬೆರಸಕ್ಕಿಂತ ತುಸು ಕಡಿಮೆ ಹುಳಿ, ಜೊತೆಗೆ ಉಪ್ಪು, ಜೊತೆಗೆ ಬಿಸಿ. ಸಾಧಾರಣ ಉಕ್ಕನ್ನು ತಿನ್ನಲು ಇಷ್ಟು ಸಾಕು. ಆದ್ದರಿಂದ ಗೋಪುರಕ್ಕೆ ದುಬಾರಿ ಮಿಶ್ರಲೋಹ, ಕೊಳವೆಗಳಿಗೆ ಗಾಜಿನ ನಾರು ಬೆರೆಸಿದ ಎಪಾಕ್ಸಿ ಬಳಸುತ್ತಾರೆ. ಹಾಗಿದ್ದೂ ನೀರು ಹೊರಹೋಗುವ ಜಾಗದಲ್ಲಿ ಕೊಳವೆಯೋ ಹಡಗಿನ ಮೈಯ ಉಕ್ಕಿನ ಹಾಳೆಯೋ ತೂತುಬಿದ್ದು ಎಂಜಿನ್ ಕೋಣೆಗೆ ನೀರು ನುಗ್ಗಿದ ಪ್ರಕರಣಗಳು ನಡೆದಿವೆ. ಒಳಗಿನ ಲೇಪ ಸರಿಯಾಗಿ ಕೂರದಿದ್ದರೆ ಒಂದೆರಡು ವರ್ಷದಲ್ಲೇ ಹಾಗಾಗುವುದುಂಟು. ಇನ್ನು ಪಂಪುಗಳಿಗೆ ವಿದ್ಯುತ್ ಬೇಕು. ಅದರಿಂದ ಹಡಗಿನ ಇಂಧನ ಖರ್ಚು ಶೇ 1ರಿಂದ 3ರಷ್ಟು ಏರುತ್ತದೆ, ಇಂಗಾಲದ ಡೈಆಕ್ಸೈಡೂ ಅಷ್ಟೇ ಏರುತ್ತದೆ.

ಹೊಗೆ ನಿಜಕ್ಕೂ ತೊಳೆದಿದೆಯೇ ಎಂದು ತಿಳಿಯುವ ಉಪಾಯ ಮಾತ್ರ ಜಾಣತನದ್ದು. ಗಂಧಕದ ಡೈಆಕ್ಸೈಡನ್ನು ಬಿಡಿಯಾಗಿ ಅಳೆದರೆ ಎಂಜಿನ್ನಿನ ವೇಗದೊಂದಿಗೆ ಅಂಕಿ ಏರಿಳಿಯುತ್ತದೆ. ಅದರ ಬದಲು ಇಂಗಾಲದ ಡೈಆಕ್ಸೈಡಿನೊಂದಿಗೆ ಅದರ ಅನುಪಾತ ನೋಡುತ್ತಾರೆ. ಇಂಗಾಲ ಎಷ್ಟು ಎಣ್ಣೆ ಉರಿಯಿತು ಎಂಬುದನ್ನು ಹೇಳುತ್ತದೆ, ಗಂಧಕ ಎಷ್ಟು ಉಳಿಯಿತು ಎಂಬುದನ್ನು ಅನುಪಾತ ಹೇಳುತ್ತದೆ. ಹತ್ತು ಲಕ್ಷದ ಲೆಕ್ಕದ ಗಂಧಕದ ಡೈಆಕ್ಸೈಡನ್ನು ಶೇಕಡಾ ಲೆಕ್ಕದ ಇಂಗಾಲದ ಡೈಆಕ್ಸೈಡಿನಿಂದ ಭಾಗಿಸಿದಾಗ 21.7 ಮೀರದಿದ್ದರೆ ಅದು ಶೇ 0.5ರ ಇಂಧನಕ್ಕೆ ಸಮ, 4.3 ಮೀರದಿದ್ದರೆ ಶೇ 0.1ಕ್ಕೆ ಸಮ. ಹೊರಬಿಡುವ ನೀರಿಗೂ ಮಾಪಕಗಳಿವೆ. ಪಿಎಚ್, ಕಲಕು, ಎಣ್ಣೆಯ ವಿಷಾಂಶ ಇವೆಲ್ಲ ಸತತವಾಗಿ ದಾಖಲಾಗಬೇಕು. ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಯಲ್ಲಿ ಕೆಳಗೆ ಹಾದುಹೋಗುವ ಹಡಗುಗಳ ಹೊಗೆಯನ್ನು ಮೂಸಿ ನೋಡುವ ಉಪಕರಣವನ್ನೇ ಕೂರಿಸಿದ್ದಾರೆ.

ಇಷ್ಟು ಭಾರದ, ಇಷ್ಟು ರಗಳೆಯ ಯಂತ್ರವನ್ನು ಹಡಗಿನವರು ಕೊಂಡದ್ದು ಲೆಕ್ಕ ಹಾಕಿಯೇ. ಒಂದು ಸ್ಕ್ರಬ್ಬರಿಗೆ ಅಳವಡಿಕೆಯೂ ಸೇರಿ ಹಲವು ಹತ್ತು ಲಕ್ಷ ಡಾಲರ್ ತಗಲುತ್ತದೆ. ಆದರೆ ಅದಿದ್ದರೆ ಅಗ್ಗದ ಎಣ್ಣೆಯನ್ನೇ ಉರಿಸುತ್ತಿರಬಹುದು. ಅಗ್ಗದ ಎಣ್ಣೆಗೂ ಶೇ 0.5ರ ಎಣ್ಣೆಗೂ ಇರುವ ಬೆಲೆಯ ಅಂತರವೇ ಲಾಭ. 2020ರ ಜನವರಿಯಲ್ಲಿ ಈ ಅಂತರ ಟನ್ನಿಗೆ ಸುಮಾರು 300 ಡಾಲರ್ ಇತ್ತು. ಕೊರೊನಾ ಕಾಲದಲ್ಲಿ ತೈಲದ ಬೆಲೆ ನೆಲಕಚ್ಚಿದಾಗ ಅದು ಕುಸಿಯಿತು, ಯುಕ್ರೇನ್ ಯುದ್ಧದ ನಂತರ 2022ರಲ್ಲಿ ಮತ್ತೆ ಗಗನಕ್ಕೇರಿತು. ಸ್ಕ್ರಬ್ಬರ್ ಬೇಡ, ಗಂಧಕ ತೆಗೆಯುವ ಕೆಲಸ ಸಂಸ್ಕರಣಾಗಾರದಲ್ಲೇ ಆಗಬೇಕೆಂದು ವಾದಿಸುತ್ತಿದ್ದ ಮೆರ್ಸ್ಕ್ ಹಡಗು ಕಂಪನಿ ಕೂಡ 2018ರಲ್ಲಿ ಮನಸ್ಸು ಬದಲಿಸಿ ಕೆಲವು ಹಡಗುಗಳಿಗೆ ಸ್ಕ್ರಬ್ಬರ್ ಹಾಕಿಸಿತು. ಈಗ ಜಗತ್ತಿನಲ್ಲಿ 5,000ಕ್ಕೂ ಹೆಚ್ಚು ಹಡಗುಗಳಲ್ಲಿ ಸ್ಕ್ರಬ್ಬರುಗಳಿವೆ. ಎಣಿಕೆಯಲ್ಲಿ ಇದು ಒಟ್ಟು ಹಡಗುಗಳ ಚಿಕ್ಕ ಪಾಲು. ಆದರೆ ಇವು ಬಹುತೇಕ ದೊಡ್ಡ ಹಡಗುಗಳು, ಹೆಚ್ಚು ಎಣ್ಣೆ ಕುಡಿಯುವವು. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 3,800ಕ್ಕೂ ಹೆಚ್ಚು ಸ್ಕ್ರಬ್ಬರ್ ಹಡಗುಗಳ ಲೆಕ್ಕ ತೆಗೆದು 2024ರಲ್ಲಿ ಪ್ರಕಟಿಸಿದ್ದಾರೆ. 2022ರ ಕೊನೆಯ ಹೊತ್ತಿಗೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಾಕಿದ ಬಂಡವಾಳ ಹಿಂದೆ ಪಡೆದಿದ್ದವು. ಒಟ್ಟು ಮಿಗುತಾಯ 470 ಕೋಟಿ ಯೂರೊ. ಅದೇ ಲೆಕ್ಕದ ಇನ್ನೊಂದು ಸಾಲು ಹೇಳುವಂತೆ, 2014ರಿಂದ 2022ರವರೆಗೆ ಸ್ಕ್ರಬ್ಬರ್ ಹೊರಬಿಟ್ಟ ನೀರಿನಿಂದ ಬಾಲ್ಟಿಕ್ ಸಮುದ್ರವೊಂದಕ್ಕೇ ಆದ ಹಾನಿ 68 ಕೋಟಿ ಯೂರೊಗೂ ಹೆಚ್ಚು.

ಹಾನಿ ಗಂಧಕದಿಂದಲೇ ಎಂದು ತಿಳಿದರೆ ತಪ್ಪಾದೀತು. ಕಡಲಿನ ಪ್ರತಿ ಲೀಟರ್ ನೀರಿನಲ್ಲಿ ಸಹಜವಾಗಿಯೇ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ. ಸ್ಕ್ರಬ್ಬರ್ ಸೇರಿಸುವ ಸಲ್ಫೇಟ್ ಅದರ ಮುಂದೆ ಏನೇನೂ ಅಲ್ಲ. ಸ್ಕ್ರಬ್ಬರ್ ಪರ ವಾದದ ಬೆನ್ನೆಲುಬು ಇದೇ, ಈ ಮಾತು ನಿಜವೂ ಹೌದು. ಆದರೆ ಹೊಗೆಯಲ್ಲಿ ಗಂಧಕ ಒಂಟಿಯಾಗಿ ಬರುವುದಿಲ್ಲ. ಗಸಿ ಎಣ್ಣೆಯ ಗುರುತಿನಂತಿರುವ ವೆನೇಡಿಯಂ ಮತ್ತು ನಿಕಲ್, ಜೊತೆಗೆ ತಾಮ್ರ, ಸತು, ಮಸಿ, ಅರೆಬೆಂದ ಎಣ್ಣೆಯಿಂದ ಹುಟ್ಟುವ ಪಾಲಿಅರೋಮ್ಯಾಟಿಕ್ ಹೈಡ್ರೊಕಾರ್ಬನ್‌ಗಳು ಇವೆಲ್ಲ ನೀರಿಗಿಳಿಯುತ್ತವೆ. ಕೊನೆಯದರಲ್ಲಿ ಹಲವು ಕ್ಯಾನ್ಸರ್ ತರುವಂಥವು. ಕಡಲಿಗೆ ಬಿದ್ದರೆ ಇವು ಸಲ್ಫೇಟಿನಂತೆ ನಿರುಪದ್ರವಿಯಾಗಿ ಕರಗಿ ಹೋಗುವುದಿಲ್ಲ. ತಳದ ಕೆಸರಿನಲ್ಲಿ ಕೂರುತ್ತವೆ, ಜೀವಿಗಳ ಮೈಗೆ ಸೇರುತ್ತವೆ. ಮೀನುಮರಿಗಳ ಆಹಾರವಾದ ಕೋಪಿಪಾಡ್ ಎಂಬ ಸಣ್ಣ ಜೀವಿಗಳ ಮೇಲೆ, ಉತ್ತರ ಸಮುದ್ರದಲ್ಲಿ ಓಡಾಡುವ ಹಡಗುಗಳ ಸ್ಕ್ರಬ್ಬರ್ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪ್ರಯೋಗಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶ ಕಳವಳ ಹುಟ್ಟಿಸುವಂಥದ್ದು. ಬಹಳ ತೆಳುಮಾಡಿದ ನೀರಿನಲ್ಲೂ ಅವುಗಳ ಬೆಳವಣಿಗೆ ಕುಂಠಿತವಾಯಿತು, ಸಾವು ಹೆಚ್ಚಿತು. ನೀರಿನಲ್ಲಿ ಪತ್ತೆಯಾದ ಯಾವುದೇ ಒಂದು ವಸ್ತುವಿನ ಪ್ರಮಾಣ ನೋಡಿ ಇಷ್ಟು ವಿಷವನ್ನು ಊಹಿಸುವಂತಿರಲಿಲ್ಲ. ಎಲ್ಲ ಸೇರಿದ ಮಿಶ್ರಣವೇ ಬಿಡಿಬಿಡಿ ವಸ್ತುಗಳಿಗಿಂತ ಕೇಡು ಎಂಬುದು ಇದರ ಅರ್ಥ. ಇದಕ್ಕೆ ವ್ಯತಿರಿಕ್ತವಾಗಿ, ತೊಳೆದ ನೀರಿನಿಂದ ಕಡಲಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂಬ ಅಧ್ಯಯನವನ್ನು ಜಪಾನ್ ಐಎಂಒ ಮುಂದಿಟ್ಟಿತ್ತು. ವಿಶಾಲ ಸಾಗರದ ನಡುವೆ ಚೆದುರಿದ ಹಡಗುಗಳ ಮಟ್ಟಿಗೆ ಆ ವಾದದಲ್ಲಿ ತಿರುಳಿರಬಹುದು. ಆದರೆ ನೀರು ಬೀಳುತ್ತಿರುವುದು ಹೆಚ್ಚಾಗಿ ಅಲ್ಲಿ ಅಲ್ಲ. ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಪರಿಷತ್ತು, ಅಂದರೆ ಐಸಿಸಿಟಿ, 2021ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಸ್ಕ್ರಬ್ಬರುಗಳು ವರ್ಷಕ್ಕೆ ಹೊರಬಿಡುವ ನೀರು ಕನಿಷ್ಠ ಸಾವಿರ ಕೋಟಿ ಟನ್. ಅದರಲ್ಲಿ ಸುಮಾರು ಶೇ 80 ಭಾಗ ಬೀಳುವುದು ಕರಾವಳಿಯಿಂದ 200 ನಾಟಿಕಲ್ ಮೈಲಿಯೊಳಗೆ. ಮೀನುಗಾರಿಕೆ ನಡೆಯುವುದೂ ಮೀನು ಮೊಟ್ಟೆಯಿಡುವುದೂ ಹೆಚ್ಚಾಗಿ ಅಲ್ಲೇ.

ನಿಯಮದಲ್ಲಿಯೂ ಒಂದು ಸಡಿಲವಿದೆ. ಹೊರಬಿಡುವ ಜಾಗದಿಂದ ನಾಲ್ಕು ಮೀಟರ್ ಆಚೆ ಪಿಎಚ್ 6.5ಕ್ಕಿಂತ ಕೆಳಗಿಳಿಯಬಾರದು ಎನ್ನುತ್ತದೆ ಮಾರ್ಗಸೂಚಿ. ಅಂದರೆ ಆಮ್ಲವನ್ನು ಹಡಗಿನೊಳಗೆ ತಣಿಸಬೇಕಿಲ್ಲ, ಕಡಲೇ ತಣಿಸಿಕೊಳ್ಳಲಿ ಎಂದಾಯಿತು. ಲೋಹಗಳಿಗೆ ಐಎಂಒ ಮಾರ್ಗಸೂಚಿಯಲ್ಲಿ ಮಿತಿಯೇ ಇಲ್ಲ. ಬಾಲ್ಟಿಕ್‌ನಂಥ ಆಳವಿಲ್ಲದ, ಇಕ್ಕಟ್ಟಿನ, ನೀರು ಪೂರ್ತಿ ಬದಲಾಗಲು ದಶಕಗಳು ಹಿಡಿಯುವ ಸಮುದ್ರಕ್ಕೆ ಇದು ದೊಡ್ಡ ಹೊರೆ. ಅದರ ಉತ್ತರದ ಕೊಲ್ಲಿಗಳಲ್ಲಿ ನೀರಿನ ಕ್ಷಾರಗುಣವೇ ಕಡಿಮೆಯಾದ್ದರಿಂದ ತೆರೆದ ಸ್ಕ್ರಬ್ಬರ್ ಅಲ್ಲಿ ಸರಿಯಾಗಿ ತೊಳೆಯುವುದೂ ಇಲ್ಲ.

ಹೀಗಾಗಿ ಬಂದರುಗಳೂ ದೇಶಗಳೂ ಐಎಂಒಗೆ ಕಾಯದೆ ತಾವೇ ಬಾಗಿಲು ಹಾಕತೊಡಗಿದವು. ಸಿಂಗಪುರ ಮತ್ತು ಫುಜೈರಾ, ಹಡಗುಗಳು ಎಣ್ಣೆ ತುಂಬಿಸಿಕೊಳ್ಳುವ ಜಗತ್ತಿನ ಎರಡು ಮುಖ್ಯ ತಾಣಗಳು, 2020ರ ನಿಯಮದ ಜೊತೆಯಲ್ಲೇ ತೆರೆದ ಪದ್ಧತಿಯನ್ನು ತಮ್ಮ ಬಂದರಿನಲ್ಲಿ ನಿಷೇಧಿಸಿದವು. ಚೀನಾದ ಒಳನಾಡು ನೀರು ಮತ್ತು ಬೋಹಾಯ್ ಕೊಲ್ಲಿ, ಸೂಯೆಜ್ ಹಾಗೂ ಪನಾಮಾ ಕಾಲುವೆಗಳು ಅದೇ ಹಾದಿ ಹಿಡಿದವು. ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್ ಇನ್ನೂ ಮುಂದೆ ಹೋಗಿ 2025ರ ಜುಲೈನಿಂದ ತಮ್ಮ ಇಡೀ ಪ್ರಾದೇಶಿಕ ಸಮುದ್ರದಲ್ಲಿ ಇದನ್ನು ತಡೆದಿವೆ.

ಗಂಧಕ ತಗ್ಗಿದ್ದರ ಇನ್ನೊಂದು ಪರಿಣಾಮ ಆಕಾಶದಲ್ಲಿ ಕಂಡಿತು. ಸಲ್ಫೇಟ್ ಕಣಗಳ ಸುತ್ತ ಮೋಡ ಕಟ್ಟುತ್ತದೆ. ಹಡಗುದಾರಿಯ ಮೇಲೆ ಬಿಳಿಗೆರೆಯಂತೆ ಮೂಡುತ್ತಿದ್ದ ಮೋಡಗಳು 2020ರ ನಂತರ ಉಪಗ್ರಹ ಚಿತ್ರಗಳಲ್ಲಿ ಬಹಳ ಕಡಿಮೆಯಾದವು. ಬಿಸಿಲನ್ನು ಹಿಂದಕ್ಕೆ ಎಸೆಯುತ್ತಿದ್ದ ಆ ಮೋಡಗಳು ಇಲ್ಲದಾದದ್ದರಿಂದ ಭೂಮಿ ಎಷ್ಟು ಹೆಚ್ಚು ಬಿಸಿಯಾಯಿತು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದಿದೆ. ಇಂಗಾಲದಿಂದ ಆಗುತ್ತಿದ್ದ ಕಾವಿನ ಒಂದಂಶವನ್ನು ಗಂಧಕದ ಹೊಗೆ ಮರೆಮಾಚಿತ್ತು ಎಂಬುದಷ್ಟೇ ಇದರಿಂದ ತಿಳಿಯುವುದು. ಕರಾವಳಿಯ ಮಕ್ಕಳ ಉಸಿರನ್ನು ಅದಕ್ಕೆ ಬೆಲೆಯಾಗಿ ಕೊಡಲಾಗದು.

2020ರ ನಿಯಮದಿಂದ ಹಡಗುಗಳ ಗಂಧಕದ ಹೊಗೆ ಶೇ 77ರಷ್ಟು, ವರ್ಷಕ್ಕೆ ಸುಮಾರು 85 ಲಕ್ಷ ಟನ್ ತಗ್ಗುತ್ತದೆ ಎಂದು ಐಎಂಒ ಅಂದಾಜಿಸಿದೆ. ಇದು ದೊಡ್ಡ ಗೆಲುವು. ಆದರೆ ಇದರಲ್ಲಿ ಸಿಂಹಪಾಲು ಎಣ್ಣೆ ಬದಲಿಸಿದ ಹಡಗುಗಳದ್ದು. ಎಣ್ಣೆಯನ್ನು ದಡದಲ್ಲೇ ಶುದ್ಧಿಮಾಡಿದರೆ ಗಂಧಕ ಕೈಗೆ ಸಿಗುವ ಸರಕಾಗುತ್ತದೆ. ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ಸಂಸ್ಕರಣಾಗಾರಗಳು ಹಾಗೆ ತೆಗೆದ ಹಳದಿ ಗಂಧಕವನ್ನು ಮಾರುತ್ತವೆ. ಅದು ಗಂಧಕಾಮ್ಲಕ್ಕೂ ಗೊಬ್ಬರಕ್ಕೂ ಬೇಕು. ಎಣ್ಣೆಯಿಂದ ಗಂಧಕ ತೆಗೆಯಲು ಹೈಡ್ರೊಜನ್ ಬೇಕು, ಹೈಡ್ರೊಜನ್ ಮಾಡಲು ಇಂಗಾಲ ಹೊಮ್ಮುತ್ತದೆ ಎಂಬ ಆಕ್ಷೇಪ ಸರಿಯೇ. ಆದರೂ ದಡದ ಕಾರ್ಖಾನೆಗೆ ಒಬ್ಬ ಒಡೆಯನಿದ್ದಾನೆ, ಒಂದು ವಿಳಾಸವಿದೆ, ತಪಾಸಣೆಗೆ ಹೋಗಲು ಬಾಗಿಲಿದೆ. ಕಡಲಿಗೆ ಸುರಿದ ಸಾವಿರ ಕೋಟಿ ಟನ್ ನೀರಿಗೆ ಇವು ಯಾವುವೂ ಇಲ್ಲ. ಸ್ಕ್ರಬ್ಬರನ್ನು ಗಾಳಿಯ ಮಟ್ಟಿಗೆ ಉಪಕಾರಿ ಎನ್ನಬಹುದು, ಅದರ ತೆರೆದ ಪದ್ಧತಿಯನ್ನು ಪರಿಹಾರವೆನ್ನಲು ಸಾಧ್ಯವಿಲ್ಲ.

ಈಶಾನ್ಯ ಅಟ್ಲಾಂಟಿಕ್ ಸಾಗರದ ರಕ್ಷಣೆಗಾಗಿ ಒಟ್ಟುಗೂಡಿದ ‘ಓಸ್ಪಾರ್’ ಒಪ್ಪಂದದ ದೇಶಗಳು 2025ರ ಜೂನ್‌ನಲ್ಲಿ ಒಂದು ನಿರ್ಧಾರಕ್ಕೆ ಬಂದಿವೆ. ಅವುಗಳ ಬಂದರು ಮತ್ತು ಒಳನೀರುಗಳಲ್ಲಿ 2027ರ ಜುಲೈನಿಂದ ತೆರೆದ ಸ್ಕ್ರಬ್ಬರಿನ ನೀರು, 2029ರ ಜನವರಿಯಿಂದ ಮುಚ್ಚಿದ ಸ್ಕ್ರಬ್ಬರಿನ ನೀರು ಬಿಡುವಂತಿಲ್ಲ.